ಅಮ್ಮನ ಮಾತ್ರೆ ಡಬ್ಬಿ

ಹೋದ ವಾರ ಬೆಂಗಳೂರಿನಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ನನ್ನ ಹಳೇ ಆಫೀಸಿನ ಗೆಳತಿಯ ತಂಗಿ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಬರುತ್ತಾಳೆ. ಕುಕ್ಕರ್ ತರಬೇಕಾ, ಹುಣಸೆಹಣ್ಣು ಅಲ್ಲಿ ಸಿಗುತ್ತಾ ಅಂತೆಲ್ಲ ಕೇಳಿದಳು. ಫೋನ್ ಇಡುವ ಹೊತ್ತಿಗೆ, "ಅಕ್ಕಾ, ಹೆಲ್ತ್ ಇನ್ಶೂರೆನ್ಸ್ ಅಲ್ಲಿ ಎಲ್ಲರಿಗೂ ಇರುತ್ತಂತೆ, ಅದರ ಚಿಂತೆ ಇಲ್ಲ ಅಲ್ವಾ?" ಅಂದಳು. "ನಿನಗೆ ಇಲ್ಲ. ಆದರೆ ಅಪ್ಪ ಅಮ್ಮನ್ನ ಕರೆಸಿಕೊಳ್ಳುವ ಮುಂಚೆ ನನಗೊಂದು ಫೋನ್ ಮಾಡು" ಅಂದೆ. ಆಮೇಲೆ ಇಡೀ ಸಂಜೆ ಅದೇ ತಲೆಯಲ್ಲಿ ಓಡುತ್ತಿತ್ತು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಅದು. ಅದಕ್ಕೇ ಬರೆಯಲು ಕೂತೆ.

ನಾನು ಇಲ್ಲಿಗೆ ಬಂದಿದ್ದು 2019ರಲ್ಲಿ. ಊರು ತೀರ್ಥಹಳ್ಳಿ ಹತ್ತಿರ. ಬಂದ ಮೊದಲ ವಾರವೇ ಆಫೀಸಿನವರು ಯಾವುದಾದರೂ ಒಂದು ಕ್ರಾಂಕನ್‌ಕಾಸ್ಸೆ ಸೇರಿಕೊಳ್ಳಿ ಅಂದರು. ಕಾಸ್ಸೆ ಅಂದರೆ ಸರ್ಕಾರಿ ಕಾನೂನಿನಡಿ ನಡೆಯುವ ಆರೋಗ್ಯ ನಿಧಿ. ಇಂಥವು ಇಲ್ಲಿ ಹಲವಾರು ಇವೆ. ಸಂಬಳದ ಶೇ. 14.6 ಭಾಗ, ಅದರ ಮೇಲೆ ಆಯಾ ಕಾಸ್ಸೆ ಹಾಕುವ ಸ್ವಲ್ಪ ಹೆಚ್ಚುವರಿ. ಅರ್ಧ ನಮ್ಮದು, ಅರ್ಧ ಆಫೀಸಿನದು. ಮೊದಲ ಸಂಬಳದ ಚೀಟಿ ನೋಡಿ ಎದೆ ಧಸಕ್ಕೆಂದಿತ್ತು. ಬೆಂಗಳೂರಿನಲ್ಲಿ ಆಫೀಸಿನವರೇ ಮಾಡಿಸಿದ್ದ ಪಾಲಿಸಿಗೆ ನನ್ನ ಕೈಯಿಂದ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ.

ಅಪ್ಪಯ್ಯನಿಗೆ ಫೋನಿನಲ್ಲಿ ಇದನ್ನೇ ಹೇಳಿದೆ. ಅಪ್ಪಯ್ಯ ಅಡಿಕೆ ಬೆಳೆಗಾರ, ಸೊಸೈಟಿ ಮೆಂಬರು. "ಸಂಬಳ ಜಾಸ್ತಿ ಇದ್ದವರು ಜಾಸ್ತಿ ಕಟ್ಟೋದು, ಕಾಯಿಲೆ ಬಂದವರಿಗೆ ಎಲ್ಲರ ದುಡ್ಡೂ ಸೇರಿ ಆಗೋದು, ಹೌದಾ? ನಮ್ಮ ಯಶಸ್ವಿನಿ ಇದ್ದ ಹಾಗೇ ಆಯ್ತಲ್ಲೇ" ಅಂದರು. 2003ರಲ್ಲಿ ಸಹಕಾರಿ ಸಂಘದ ರೈತರಿಗೆ ಅಂತ ಯಶಸ್ವಿನಿ ಶುರುವಾದಾಗ ತಲೆಗೆ ತಿಂಗಳಿಗೆ ಐದು ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ 60 ರೂಪಾಯಿ ಕಟ್ಟಿದ್ದು ಅಪ್ಪಯ್ಯನಿಗೆ ಇವತ್ತಿಗೂ ನೆನಪಿದೆ. ನಮ್ಮ ಮೇಲಿನ ಮನೆಯವರ ಹಾರ್ಟ್ ಆಪರೇಷನ್ ಆಗಿದ್ದು ಅದರಲ್ಲೇ. 2018ರಲ್ಲಿ ಯೋಜನೆ ನಿಂತಾಗ ಅಪ್ಪಯ್ಯ ಬೇಜಾರು ಮಾಡಿಕೊಂಡಿದ್ದರು. 2022ರಲ್ಲಿ ಮತ್ತೆ ಶುರುವಾದಾಗ ಮೊದಲ ದಿನವೇ ಸೊಸೈಟಿಗೆ ಹೋಗಿ ಹೆಸರು ಬರೆಸಿ ಬಂದರು. ಜರ್ಮನಿಯಲ್ಲಿ ಈ ಪದ್ಧತಿ ಶುರುವಾಗಿದ್ದು 1883ರಲ್ಲಿ, ಆಗಿನ ಚಾನ್ಸೆಲರ್ ಬಿಸ್ಮಾರ್ಕ್ ಕಾಲದಲ್ಲಿ, ಕಾರ್ಮಿಕರಿಗೆ ಅಂತ. ಅಪ್ಪಯ್ಯ ಹೇಳಿದ ಮೇಲೆ ಆ ಚೀಟಿ ನೋಡುವ ನನ್ನ ಕಣ್ಣೇ ಬದಲಾಯಿತು. ಕಡಿತ ಅನ್ನಿಸುತ್ತಿದ್ದದ್ದು ನನ್ನ ಪಾಲು ಅನ್ನಿಸತೊಡಗಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಂಬಳ ಒಂದು ಮಿತಿ ದಾಟಿದರೆ ಖಾಸಗಿ ಇನ್ಶೂರೆನ್ಸ್‌ಗೆ ಹೋಗಬಹುದು. 2025ರಲ್ಲಿ ಆ ಮಿತಿ ವರ್ಷಕ್ಕೆ 73,800 ಯೂರೋ ಇತ್ತು. ಏಜೆಂಟರು ಫೋನ್ ಮೇಲೆ ಫೋನ್ ಮಾಡುತ್ತಾರೆ. ವಯಸ್ಸು ಚಿಕ್ಕದು, ಮದುವೆ ಆಗಿಲ್ಲ ಅಂದರೆ ತಿಂಗಳ ಕಂತು ನಿಜವಾಗಿಯೂ ಕಮ್ಮಿ. ಆದರೆ ಅಲ್ಲಿ ಪ್ರತಿ ತಲೆಗೂ ಬೇರೆ ಬೇರೆ ಕಂತು. ಕಾಸ್ಸೆಯಲ್ಲಾದರೆ ದುಡಿಯದ ಗಂಡ ಅಥವಾ ಹೆಂಡತಿ, ಮಕ್ಕಳು ಎಲ್ಲರೂ ಅದೇ ದುಡ್ಡಿನಲ್ಲಿ ಒಳಗೆ. ಖಾಸಗಿಗೆ ಹೋದವರು ಸುಲಭಕ್ಕೆ ವಾಪಸ್ ಬರಲು ಆಗುವುದಿಲ್ಲ, 55 ದಾಟಿದ ಮೇಲಂತೂ ಆ ಬಾಗಿಲು ಬಹುತೇಕ ಮುಚ್ಚಿದ ಹಾಗೆಯೇ. ನಾನು ಕಾಸ್ಸೆಯಲ್ಲೇ ಉಳಿದೆ. ಆ ಬಗ್ಗೆ ಒಂದು ದಿನವೂ ಬೇಸರ ಆಗಿಲ್ಲ.

ಕಾಸ್ಸೆಯ ಕಾರ್ಡು ಸಿಕ್ಕಿತು. ಆದರೆ ಡಾಕ್ಟರು ಸಿಗಲಿಲ್ಲ. ಮೊದಲ ಚಳಿಗಾಲದಲ್ಲಿ ಜ್ವರ ಬಂದಾಗ ನಮ್ಮೂರಲ್ಲಿ ಹೋಗುವ ಹಾಗೆ ಹತ್ತಿರದ ಕ್ಲಿನಿಕ್ಕಿಗೆ ನಡೆದುಕೊಂಡು ಹೋದೆ. ಬುಧವಾರ ಮಧ್ಯಾಹ್ನ, ಬಾಗಿಲು ಹಾಕಿತ್ತು. ಇಲ್ಲಿ ಬುಧವಾರ, ಶುಕ್ರವಾರ ಮಧ್ಯಾಹ್ನ ಎಷ್ಟೋ ಡಾಕ್ಟರುಗಳು ನೋಡುವುದಿಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ. ಮಾರನೇ ದಿನ ಇನ್ನೊಂದು ಕಡೆ ಹೋದೆ. ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಿಲ್ಲ ಅಂದರು. ಮೂರನೇ ಕಡೆಯೂ ಅದೇ ಮಾತು. ಮೂರು ಸ್ವೆಟರ್ ಹಾಕಿಕೊಂಡು, ಸ್ಟುಟ್‌ಗಾರ್ಟ್‌ನ ಏರು ರಸ್ತೆಗಳಲ್ಲಿ, ಕೈಯಲ್ಲಿ ಕಾರ್ಡು ಹಿಡಿದು ಓಡಾಡಿದ್ದು ನೆನಪಿದೆ. ನಾಲ್ಕನೇ ಕಡೆ ಒಬ್ಬ ವಯಸ್ಸಾದ ಲೇಡಿ ಡಾಕ್ಟರು ಒಪ್ಪಿದರು. ಇವತ್ತಿಗೂ ಅವರೇ ನನ್ನ ಹೌಸ್‌ಆರ್ಟ್ಸ್ಟ್, ಅಂದರೆ ಮನೆ ಡಾಕ್ಟರು.

ಅವರ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಒಂದು ರೂಢಿ ಇದೆ. ಒಳಗೆ ಬರುವವರು ಕೂತವರಿಗೆಲ್ಲ ಸೇರಿಸಿ ಒಂದು ನಮಸ್ಕಾರ ಹೇಳುತ್ತಾರೆ. ಕೂತವರೆಲ್ಲ ತಲೆ ಎತ್ತಿ ವಾಪಸ್ ಹೇಳುತ್ತಾರೆ. ಟ್ರೇನಿನಲ್ಲಿ ಪಕ್ಕದವರ ಮುಖ ನೋಡದ ಜನ ಇಲ್ಲಿ ಹೀಗೆ ಮಾಡುವುದು ನೋಡಿ ಮೊದಲ ದಿನ ನನಗೆ ಆಶ್ಚರ್ಯವಾಗಿತ್ತು. ಈಗ ನಾನೂ ಹೇಳುತ್ತೇನೆ.

ಮನೆ ಡಾಕ್ಟರು ಯಾಕೆ ಮುಖ್ಯ ಅಂತ ಗೊತ್ತಾಗಿದ್ದು 2021ರಲ್ಲಿ, ನನ್ನ ಪಿತ್ತಕೋಶದಲ್ಲಿ ಕಲ್ಲು ಕಂಡಾಗ. ಅವರೇ ಸ್ಕ್ಯಾನಿಂಗ್ ಮಾಡಿದರು, ಅವರೇ ಆಸ್ಪತ್ರೆಗೆ ಚೀಟಿ ಬರೆದರು. ಸ್ಪೆಷಲಿಸ್ಟ್ ಹತ್ತಿರ ಹೋಗಲು ಅವರು ಕೊಡುವ ಚೀಟಿಗೆ ಊಬರ್‌ವೈಸುಂಗ್ ಅನ್ನುತ್ತಾರೆ. ತುರ್ತು ಅನ್ನಿಸಿದರೆ ಆ ಚೀಟಿಯ ಮೇಲೆ ಒಂದು ಕೋಡ್ ಹಾಕಿಕೊಡುತ್ತಾರೆ. 116117 ಅನ್ನುವ ಡಾಕ್ಟರುಗಳ ಸಹಾಯವಾಣಿ ನಂಬರಿಗೆ ಆ ಕೋಡ್ ಹೇಳಿದರೆ ನಾಲ್ಕು ವಾರದೊಳಗೆ ಯಾವುದಾದರೂ ಸ್ಪೆಷಲಿಸ್ಟ್ ಹತ್ತಿರ ಅಪಾಯಿಂಟ್‌ಮೆಂಟ್ ಕೊಡಿಸಲೇಬೇಕು. ಇಲ್ಲವಾದರೆ ಚರ್ಮದ ಡಾಕ್ಟರಿಗೂ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಈ ಕೋಡಿನ ವಿಷಯ ನಾವಾಗಿಯೇ ಕೇಳಬೇಕು. ಕೇಳದಿದ್ದರೆ ಎಷ್ಟೋ ಸಲ ಯಾರೂ ಹೇಳುವುದಿಲ್ಲ.

ಆಪರೇಷನ್ ಆಯಿತು. ಸೇರಿದ ದಿನ, ಬಿಟ್ಟ ದಿನ ಎರಡೂ ಲೆಕ್ಕಕ್ಕೆ ಹಿಡಿದು ನಾಲ್ಕು ದಿನ. ಒಂದು ತಿಂಗಳಾದ ಮೇಲೆ ಅಂಚೆಯಲ್ಲಿ ಬಿಲ್ ಬಂತು. ದಿನಕ್ಕೆ 10 ಯೂರೋ, ಒಟ್ಟು 40 ಯೂರೋ. ನಾನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಅಷ್ಟೇ. ಇನ್ನೊಂದು ಹಾಳೆ ಇರಲಿಲ್ಲ. ವರ್ಷಕ್ಕೆ 28 ದಿನದ ತನಕ ಈ 10 ಯೂರೋ, ಆಮೇಲೆ ಅದೂ ಇಲ್ಲ. ರಜೆ ಹಾಕಿದ ದಿನಗಳಿಗೆ ಸಂಬಳವೂ ಬಂತು. ಆರು ವಾರದ ತನಕ ಆಫೀಸಿನವರು ಪೂರ್ತಿ ಸಂಬಳ ಕೊಡಬೇಕು ಅಂತ ಕಾನೂನಿದೆ.

ನನಗೆ ಕಣ್ಣಲ್ಲಿ ನೀರು ಬಂದಿತ್ತು. ಅದಕ್ಕೆ ಕಾರಣ ಇದೆ. ಎರಡು ವರ್ಷ ಮುಂಚೆ ಊರ ಕಡೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಾವನ ಕಾಲಿನ ಆಪರೇಷನ್ ಆಗಿತ್ತು. ಕ್ಯಾಶ್‌ಲೆಸ್ ಅಂತ ಹೆಸರು. ಬೆಳಿಗ್ಗೆ ಒಂಬತ್ತಕ್ಕೆ ಡಿಸ್ಚಾರ್ಜ್ ಅಂದರು. ಇನ್ಶೂರೆನ್ಸಿನಿಂದ ಅಪ್ರೂವಲ್ ಬಂದಿಲ್ಲ, ಕಾಯಿರಿ ಅಂತ ಸಂಜೆ ಏಳರ ತನಕ ಕೂರಿಸಿದರು. ಅತ್ತೆ ಬ್ಯಾಗು ಕಟ್ಟಿಕೊಂಡು, ಖಾಲಿ ಮಾಡಿದ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಆ ಹತ್ತು ಗಂಟೆಯಲ್ಲಿ ಅವರ ಮುಖ ಹೇಗೆ ಬಾಡಿಹೋಗಿತ್ತು ಅಂತ ನಾನು ಕಣ್ಣಾರೆ ಕಂಡಿದ್ದೆ. ಇಲ್ಲಿ ನನಗೆ ಇನ್ಶೂರೆನ್ಸಿನವರ ಒಂದು ಫೋನೂ ಬರಲಿಲ್ಲ. ಕಾರ್ಡು ಒಂದು ಯಂತ್ರದೊಳಗೆ ಹಾಕಿ ತೆಗೆದರು, ಮುಗಿಯಿತು.

ಬಹುಶಃ ಅದರಿಂದಲೇ ನಾನು ಮೈ ಮರೆತೆ. ಈ ದೇಶದಲ್ಲಿ ಆಸ್ಪತ್ರೆ ಅಂದರೆ ಹೀಗೇ, ಯಾರು ಬಂದರೂ ಹೀಗೇ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

2023ರ ಅಕ್ಟೋಬರಿನಲ್ಲಿ ಅಪ್ಪಯ್ಯ, ಅಮ್ಮ ಬಂದರು. ಮೊದಲನೇ ಸಲ ವಿಮಾನ ಹತ್ತಿದ್ದು. ನಮ್ಮ ಕಾಸ್ಸೆಯಲ್ಲಿ ಗಂಡ ಹೆಂಡತಿ ಮಕ್ಕಳಿಗೆ ಜಾಗ ಇದೆ, ತಂದೆ ತಾಯಿಗೆ ಇಲ್ಲ. ಅವರಿಗೆ ವೀಸಾಕ್ಕೆ ಅಂತ ಊರಲ್ಲೇ ಪ್ರಯಾಣದ ಪಾಲಿಸಿ ಮಾಡಿಸಬೇಕು. ಷೆಂಗೆನ್ ವೀಸಾಕ್ಕೆ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾಕ್ಕೆ, ಕಡೇಪಕ್ಷ 30,000 ಯೂರೋ ಕವರ್ ಇರಬೇಕು ಅನ್ನುವುದು ನಿಯಮ. ಟ್ರಾವೆಲ್ಸಿನವನು ಟಿಕೆಟ್ಟಿನ ಜೊತೆಗೇ ಎರಡು ಪಾಲಿಸಿ ಮಾಡಿಕೊಟ್ಟ. 30,000 ಅಂತ ಬರೆದಿದೆಯಾ ನೋಡಿದೆ. ವೀಸಾ ಬಂತು. ಉಳಿದ ಪುಟ ನಾನು ಓದಲಿಲ್ಲ. ದಿನಾ ಆಫೀಸಿನಲ್ಲಿ ಇಪ್ಪತ್ತು ಪುಟದ ಡಾಕ್ಯುಮೆಂಟು ಓದುವವಳು ನಾನು. ಅಮ್ಮನ ಪಾಲಿಸಿ ಓದಲಿಲ್ಲ.

ಅಮ್ಮನಿಗೆ 62. ಬಿ.ಪಿ. ಇದೆ, ಹತ್ತು ವರ್ಷದಿಂದ ಮಾತ್ರೆ ನಡೆಯುತ್ತಿದೆ. ಮೂರು ತಿಂಗಳಿಗಾಗುವಷ್ಟು ಮಾತ್ರೆ ತಂದಿದ್ದರು, ಒಂದು ಹಳೇ ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು. ಡಬ್ಬಿಯಲ್ಲಿ ಜಾಗ ಉಳಿಯಲಿ ಅಂತ ಸ್ಟ್ರಿಪ್ಪಿನ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಊರಲ್ಲೇ ಎಸೆದು ಬಂದಿದ್ದರು. ಪ್ರತಿ ಕಟ್ಟಿಗೂ ಒಂದು ರಬ್ಬರ್ ಬ್ಯಾಂಡು, ಒಂದು ಚೀಟಿ. ಚೀಟಿಯ ಮೇಲೆ ಅಪ್ಪಯ್ಯನ ದುಂಡು ಅಕ್ಷರದಲ್ಲಿ "ಬೆಳಿಗ್ಗೆ ತಿಂಡಿ ಆದ ಮೇಲೆ", "ರಾತ್ರಿ".

ನವೆಂಬರ್ ಕೊನೆಯ ವಾರ. ರಾತ್ರಿ ಹನ್ನೊಂದೂವರೆ. ಅಮ್ಮ ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬಂದರು. ತಲೆ ಸಿಡಿಯುತ್ತಿದೆ, ಎದೆ ಮೇಲೆ ಕಲ್ಲು ಇಟ್ಟ ಹಾಗೆ ಆಗುತ್ತಿದೆ ಅಂದರು. ಎರಡು ಸಲ ವಾಂತಿಯಾಯಿತು. ಬಿ.ಪಿ. ನೋಡಿದರೆ 218 ಮತ್ತು 120. ಯಂತ್ರ ಸರಿ ಇಲ್ಲವೇನೋ ಅಂತ ನನ್ನ ಕೈಗೆ ಕಟ್ಟಿಕೊಂಡು ನೋಡಿದೆ. ನನ್ನದು ಸರಿಯಾಗೇ ಇತ್ತು.

ಇಲ್ಲಿ 116117 ಅನ್ನುವುದು ಕ್ಲಿನಿಕ್ ಮುಚ್ಚಿದ ಹೊತ್ತಿನಲ್ಲಿ ಜ್ವರ, ಕಿವಿನೋವು ಇಂಥದ್ದಕ್ಕೆ. ಜೀವಕ್ಕೆ ಅಪಾಯ ಅನ್ನಿಸಿದರೆ 112. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಫೋನ್ ಕೈಯಲ್ಲಿ ಹಿಡಿದು ನಿಂತೆ. ಅಮ್ಮ, "ಬ್ಯಾಡ ಮಾರಾಯ್ತಿ, ಇನ್ನೊಂದು ಮಾತ್ರೆ ತಗೊಂಡ್ರೆ ಇಳೀತದೆ. ಇಲ್ಲಿ ಆಸ್ಪತ್ರೆ ಅಂದ್ರೆ ದುಡ್ಡು ಎಷ್ಟಾಗ್ತದೋ ಎಂತದೋ" ಅಂದರು. ನನ್ನ ತಲೆಯಲ್ಲೂ ಆ ಕ್ಷಣ ಅದೇ ಓಡುತ್ತಿತ್ತು. ಆ ಪಾಲಿಸಿಯಲ್ಲಿ ಏನಿದೆ? ಬಿ.ಪಿ.ಗೆ ಕೊಡುತ್ತಾರಾ? ಆಂಬುಲೆನ್ಸಿಗೆ ಎಷ್ಟು? ನಾಲ್ಕೈದು ನಿಮಿಷ ಹಾಗೇ ಹೋಯಿತು. ಹೆತ್ತ ತಾಯಿ ಎದೆ ಹಿಡಿದು ಕೂತಿರುವಾಗ ನಾನು ಯೂರೋ ಲೆಕ್ಕ ಹಾಕಿದೆ. ಈ ಬರಹ ಬರೆಯುತ್ತಿರುವುದೇ ಆ ನಾಲ್ಕೈದು ನಿಮಿಷಕ್ಕಾಗಿ. ನಿಮ್ಮ ಮನೆಯಲ್ಲಿ ಅದು ಆಗಬಾರದು.

ಕೊನೆಗೆ ಅಪ್ಪಯ್ಯ ನನ್ನ ಭುಜ ಅಲ್ಲಾಡಿಸಿ, "ಮಾಡೇ ಫೋನು. ತೋಟ ಇದೆ" ಅಂದರು.

ಆಂಬುಲೆನ್ಸ್ ಹತ್ತು ನಿಮಿಷದೊಳಗೆ ಬಂತು. ಹಿಂದೆಯೇ ಇನ್ನೊಂದು ಕಾರಿನಲ್ಲಿ ಡಾಕ್ಟರು. ಇಬ್ಬರು ಹುಡುಗರು ಶೂ ಹಾಕಿಕೊಂಡೇ ಒಳಗೆ ಬಂದರು. ಒಬ್ಬ ಅಮ್ಮನ ಮುಂದೆ ಮಂಡಿಯೂರಿ ಕೂತು ಇ.ಸಿ.ಜಿ. ತಂತಿಗಳನ್ನು ಅಂಟಿಸಿದ. ಇನ್ನೊಬ್ಬ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂತ ಕೇಳಿದ. ನಾನು ಡಬ್ಬಿ ಕೊಟ್ಟೆ. ಅವನು ಚೀಟಿ ನೋಡಿದ, ಕನ್ನಡ. ಸ್ಟ್ರಿಪ್ ನೋಡಿದ, ಮೇಲೆ ದೊಡ್ಡದಾಗಿ ನಮ್ಮ ದೇಶದ ಕಂಪನಿ ಇಟ್ಟ ಹೆಸರು. ಆ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ಅವನು ಜೇಬಿನಿಂದ ಪುಟ್ಟ ಟಾರ್ಚು ತೆಗೆದು, ಬೆಳ್ಳಿ ಹಾಳೆಯ ಮೇಲಿನ ಸಾಸಿವೆಯಂಥ ಅಕ್ಷರಗಳನ್ನು ಹುಡುಕತೊಡಗಿದ. ಮಾತ್ರೆ ತೆಗೆದುಕೊಂಡ ಕಡೆ ಹಾಳೆ ಹರಿದಿತ್ತು. ಹೆಸರಿನ ಅರ್ಧ ಆ ಹರುಕಿನಲ್ಲಿ ಹೋಗಿತ್ತು. ಮೂರನೇ ಸ್ಟ್ರಿಪ್ಪಿನಲ್ಲಿ ಸಿಕ್ಕಿತು. "ಟೆಲ್ಮಿಸಾರ್ಟನ್!" ಅಂತ ಡಾಕ್ಟರಿಗೆ ಕೂಗಿ ಹೇಳಿದ. ಅದು ಒಳಗಿನ ಔಷಧಿಯ ಹೆಸರು, ಬೆಂಗಳೂರಿಗೂ ಒಂದೇ, ಸ್ಟುಟ್‌ಗಾರ್ಟ್‌ಗೂ ಒಂದೇ.

ಆಸ್ಪತ್ರೆಯಲ್ಲಿ ಮೂರು ರಾತ್ರಿ ಇಟ್ಟುಕೊಂಡರು. ಹಾರ್ಟ್ ಅಟ್ಯಾಕ್ ಆಗಿರಲಿಲ್ಲ. ಆದರೆ ಹಾರ್ಟಿಗೆ ಒತ್ತಡ ಬಿದ್ದಿತ್ತು ಅಂದರು. ನೋಡಿಕೊಂಡವರ ಬಗ್ಗೆ ಒಂದು ಮಾತೂ ಆಡುವ ಹಾಗಿಲ್ಲ. ರಾತ್ರಿ ಪಾಳಿಯ ನರ್ಸ್ ಒಬ್ಬರು ಕೇರಳದವರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಅಮ್ಮನಿಗೆ ಮಲಯಾಳಂ ಬರುತ್ತಿರಲಿಲ್ಲ. ಆದರೂ "ಅಮ್ಮಾ, ವೇದನೆ ಉಂಡೋ?" ಅಂತ ಕೇಳಿದ್ದು ಅಮ್ಮನಿಗೆ ಅರ್ಥವಾಯಿತಂತೆ. ವೇದನೆ ಅನ್ನೋದು ನಮ್ಮದೂ ಅಲ್ವಾ ಅಂತ ಬೆಳಿಗ್ಗೆ ನನಗೆ ಹೇಳಿ ನಕ್ಕರು.

ಆಫೀಸ್ ಕೌಂಟರಿನಲ್ಲಿ ಮಾತ್ರ ಕತೆ ಬೇರೆ. ಕಾರ್ಡು ಇಲ್ಲ ಅಂದ ತಕ್ಷಣ ಇನ್ಶೂರೆನ್ಸಿನವರಿಂದ ಖರ್ಚು ನಾವು ಕೊಡುತ್ತೇವೆ ಅನ್ನುವ ಪತ್ರ ತರಿಸಿ ಅಂದರು. ಅದು ಬರುವ ತನಕ ಅಮ್ಮ ಕೈಯಿಂದ ಕಟ್ಟುವ ರೋಗಿ. ನಾನು ಸಹಿ ಹಾಕಿದೆ. ಪಾಲಿಸಿಯ ಹೆಲ್ಪ್‌ಲೈನಿಗೆ ಫೋನ್ ಮಾಡಿದರೆ ಊರಿನ ಡಾಕ್ಟರ ಹಳೇ ಚೀಟಿಗಳು, ಎಂದಿನಿಂದ ಬಿ.ಪಿ. ಇದೆ ಎಲ್ಲ ಕಳಿಸಿ ಅಂದರು. ಕಳಿಸಿದೆ. ಎರಡು ವಾರಕ್ಕೆ ಉತ್ತರ ಬಂತು. ಮೊದಲೇ ಇದ್ದ ಕಾಯಿಲೆ, ಆದ್ದರಿಂದ ಕ್ಲೇಮ್ ಕೊಡುವುದಿಲ್ಲ. ಆ ಹೊತ್ತಿಗೆ ಆಸ್ಪತ್ರೆಯ ಬಿಲ್ ನಾಲ್ಕು ಸಾವಿರ ಯೂರೋ ದಾಟಿತ್ತು. ಆಂಬುಲೆನ್ಸು ಮತ್ತು ಅದರ ಡಾಕ್ಟರ ಬಿಲ್ ಬೇರೆ ಬೇರೆ ಲಕೋಟೆಯಲ್ಲಿ ಬಂದವು.

ಆಗ ಕೂತು ಪಾಲಿಸಿ ಓದಿದೆ. ಹದಿನಾಲ್ಕನೇ ಪುಟದಲ್ಲಿ ಇತ್ತು. ಹಳೇ ಕಾಯಿಲೆಗೆ ಕವರ್ ಇಲ್ಲ, ಆದರೆ ಅದರಿಂದ ಜೀವಕ್ಕೆ ಅಪಾಯ ಬಂದಾಗ ಪ್ರಾಣ ಉಳಿಸುವ ಚಿಕಿತ್ಸೆಗೆ ಒಂದು ಮಿತಿಯವರೆಗೆ ಇದೆ. ಇಲ್ಲಿ ಆಸ್ಪತ್ರೆಯಿಂದ ಬಿಡುವಾಗ ಕೈಗೆ ಒಂದು ಪತ್ರ ಕೊಡುತ್ತಾರೆ, ಆರ್ಟ್ಸ್ಟ್‌ಬ್ರೀಫ್ ಅಂತ. ಏನಾಗಿತ್ತು, ಏನು ಮಾಡಿದೆವು, ಮುಂದೆ ಏನು ಎಲ್ಲ ಅದರಲ್ಲಿರುತ್ತದೆ. ನಾನು ಅದನ್ನು ಫೈಲಿಗೆ ಸೇರಿಸಿ ಮರೆತಿದ್ದೆ. ತೆಗೆದು ನೋಡಿದರೆ ಮೊದಲ ಸಾಲಿನಲ್ಲೇ "ನೋಟ್‌ಫಾಲ್" ಅನ್ನುವ ಪದ. ಅಂದರೆ ತುರ್ತು ಸ್ಥಿತಿ. ಬರೀ ಬಿ.ಪಿ. ಏರಿತ್ತು ಅಂತ ಬರೆದಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಆ ಪತ್ರ ಇಂಗ್ಲಿಷಿಗೆ ಮಾಡಿಸಿ, ಆ ಪುಟದ ಆ ಸಾಲಿಗೆ ಗೆರೆ ಎಳೆದು, ಮತ್ತೆ ಬರೆದೆ. ಮತ್ತೆ ಮತ್ತೆ ಬರೆದೆ. ಐದು ತಿಂಗಳಾದ ಮೇಲೆ ಆಸ್ಪತ್ರೆ ಬಿಲ್ಲಿನ ಮುಕ್ಕಾಲು ಭಾಗ ಬಂತು. ಆಂಬುಲೆನ್ಸಿನದು ಬರಲೇ ಇಲ್ಲ. ಅಪ್ಪಯ್ಯ ಆ ವರ್ಷದ ಅಡಿಕೆ ದುಡ್ಡು ಕಳಿಸುತ್ತೇನೆ ಅಂತ ಹಟ ಹಿಡಿದರು. ನಾನು ಬೇಡ ಅಂದೆ. ಅದಕ್ಕೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಹಾಗಾಗಿ ಬರುವವರಿಗೆ, ಅಪ್ಪ ಅಮ್ಮನ್ನ ಕರೆಸುವವರಿಗೆ ಹೇಳುವುದು ಇಷ್ಟು. ವೀಸಾಕ್ಕೆ ಸಾಕಾಗುವ ಪಾಲಿಸಿ ಬೇರೆ, ಅಮ್ಮನಿಗೆ ಸಾಕಾಗುವ ಪಾಲಿಸಿ ಬೇರೆ. ಮೊದಲೇ ಇರುವ ಕಾಯಿಲೆಗೆ ಏನು ಕೊಡುತ್ತಾರೆ, ಎಷ್ಟರ ತನಕ ಕೊಡುತ್ತಾರೆ ಅನ್ನುವ ಪುಟ ಟಿಕೆಟ್ ಮಾಡಿಸುವ ಮುಂಚೆ ಓದಿ. ಬಿ.ಪಿ., ಶುಗರ್ ಇದ್ದರೆ ಫಾರಂನಲ್ಲಿ ಮುಚ್ಚಿಡಬೇಡಿ. ಕಂತು ಕಮ್ಮಿಯಾಗುತ್ತೆ ಅಂತ ಟ್ರಾವೆಲ್ಸಿನವರು "ಏನಿಲ್ಲ ಅಂತ ಹಾಕಿ" ಅಂದರೂ ಹಾಕಬೇಡಿ. ನಾನು ಅದೊಂದನ್ನು ಸರಿಯಾಗಿ ತುಂಬಿಸಿದ್ದೆ, ಅದಕ್ಕೇ ಮುಕ್ಕಾಲು ದುಡ್ಡಾದರೂ ಬಂತು. ಜರ್ಮನಿಯಲ್ಲೂ ಹೊರಗಿಂದ ಬರುವ ಅತಿಥಿಗಳಿಗೆ ಅಂತಲೇ ಪಾಲಿಸಿ ಮಾರುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇನ್ನೊಂದು ಮರೆತಿದ್ದೆ: ನಾವು ರಜೆಗೆ ಊರಿಗೆ ಹೋದಾಗ ನಮ್ಮ ಕಾಸ್ಸೆ ಕಾರ್ಡು ಅಲ್ಲಿ ನಡೆಯುವುದಿಲ್ಲ. ವರ್ಷಕ್ಕೆ ಹತ್ತಿಪ್ಪತ್ತು ಯೂರೋಗೆ ಹೊರದೇಶದ ಪ್ರಯಾಣದ ಪಾಲಿಸಿ ಸಿಗುತ್ತದೆ, ಅದನ್ನು ಮಾಡಿಸಿಕೊಂಡೇ ಹೊರಡಿ.

ಈ ಮೇ ತಿಂಗಳಲ್ಲಿ ಅಮ್ಮ, ಅಪ್ಪಯ್ಯ ಮತ್ತೆ ಬರುತ್ತಿದ್ದಾರೆ. ಬರುವುದೇ ಇಲ್ಲ ಅಂತ ಅಮ್ಮ ಎರಡು ವರ್ಷ ಹೇಳಿದರು. ಈ ಸಲ ಪಾಲಿಸಿಯ ಮೂವತ್ತೆರಡು ಪುಟವನ್ನೂ ನಾನು ಓದಿದೆ, ಗುರುತು ಹಾಕಿದೆ. ಅದರ ಅರ್ಥ ಏನು ಅಂತ ಅಪ್ಪಯ್ಯನಿಗೆ ವಿಡಿಯೋ ಕಾಲಿನಲ್ಲಿ ಓದಿ ಹೇಳಿದೆ. ನನ್ನ ಮನೆ ಡಾಕ್ಟರಿಗೂ ಹೇಳಿಟ್ಟಿದ್ದೇನೆ. ದುಡ್ಡು ಕೊಟ್ಟು ತೋರಿಸುವುದಾದರೆ ಬಂದ ವಾರವೇ ಒಮ್ಮೆ ಕರೆದುಕೊಂಡು ಬಾ, ಬಿ.ಪಿ. ನೋಡಿಬಿಡೋಣ ಅಂದಿದ್ದಾರೆ.

ನಿನ್ನೆ ಅಮ್ಮ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದರು. ಅದೇ ಸ್ಟೀಲ್ ಡಬ್ಬಿ. ಈ ಸಲ ಸ್ಟ್ರಿಪ್ಪುಗಳು ರಟ್ಟಿನ ಪೆಟ್ಟಿಗೆಯೊಳಗೇ ಇವೆ. ಮುಚ್ಚಳಕ್ಕೆ ಒಂದು ಬಿಳಿ ಹಾಳೆ ಅಂಟಿಸಿದ್ದಾರೆ. ಮೇಲೆ ಕನ್ನಡದಲ್ಲಿ, ಕೆಳಗೆ ಕಂಪೌಂಡರ್ ಹತ್ತಿರ ಕೇಳಿಕೊಂಡು ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಟೆಲ್ಮಿಸಾರ್ಟನ್ 40, ಅಮ್ಲೋಡಿಪಿನ್ 5. "ಅಕ್ಷರ ಕಾಣ್ತದಾ ನೋಡು. ಆ ಹುಡುಗನಿಗೆ ಟಾರ್ಚು ಬೇಡ ಈ ಸಲ" ಅಂತ ಕೆಳಗೆ ಬರೆದಿದ್ದರು.